ಕಾರು ಪಾಸಾಯಿತು

ಗುಟ್ಟಿನ ಮಾತಾಡುವುದಕ್ಕೆ ಮೆಟ್ಟಿಲು ಸರಿಯಾದ ಜಾಗವಲ್ಲ. ಗೋಡೆಗೆ ಕಿವಿ ಇರುತ್ತದೋ ಇಲ್ಲವೋ, ಮೆಟ್ಟಿಲಿಗಂತೂ ಇರುತ್ತದೆ. ಇಷ್ಟು ಬುದ್ಧಿ ಆ ಬೆಳಿಗ್ಗೆ ಪುಟ್ಟನಿಗೆ ಇದ್ದಿದ್ದರೆ ನನಗೆ ಈ ಕತೆ ಹೇಳುವ ಕೆಲಸ ತಪ್ಪುತ್ತಿತ್ತು. ಪಾಪ, ಅವನ ಬಾಗಿಲ ಮುಂದೆ ಒಂದು ಕಾರೂ ನಿಂತಿರುತ್ತಿತ್ತು.

ಪುಟ್ಟ ಎಂದರೆ ಚಿಕ್ಕವನೇನಲ್ಲ. ತಲೆ ಅರ್ಧ ನರೆತಿದೆ. ಕನ್ನಡಕದ ಅಂಗಡಿಯಲ್ಲಿ ಊರವರ ಫ್ರೇಮಿಗೆಲ್ಲ ಗಾಜು ಕೂರಿಸಿ ಕೂರಿಸಿ ಅವನ ಮೂಗಿನ ಮೇಲೂ ದಪ್ಪ ಗಾಜು ಬಂದು ಕೂತಿದೆ. ಆದರೂ ಅಕ್ಕ ಅವನನ್ನು ಇವತ್ತಿಗೂ ಪುಟ್ಟ ಎಂದೇ ಕರೆಯುತ್ತಾಳೆ, ಹಾಗಾಗಿ ಬೀದಿಗೆಲ್ಲ ಅವನು ಪುಟ್ಟನೇ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ, ಓದಿಸಿ, ಮನುಷ್ಯನನ್ನಾಗಿ ಮಾಡಿದವಳು ಈ ಅಕ್ಕ. ಮೂರು ಮಹಡಿಯ ಕಟ್ಟಡದ ನೆಲಮಹಡಿಯ ಮನೆಯಲ್ಲಿ ಈಗ ಇಬ್ಬರೇ ಇದ್ದಾರೆ.

ಸೊಂಟದ ಆಪರೇಷನ್ ಆದಾಗಿನಿಂದ ಅಕ್ಕನಿಗೆ ಬಗ್ಗಲೂ ಆಗದು, ಕಾಲು ಎತ್ತಲೂ ಆಗದು. ಬಸ್ಸಿನ ಮೆಟ್ಟಿಲು ಎತ್ತರ, ಬಾಡಿಗೆ ಕಾರಿನ ಸೀಟು ತಗ್ಗು. ಕೇಳಿದರೆ, "ನನಗೆಲ್ಲಿಗಪ್ಪಾ ಹೋಗೋದಿದೆ," ಅನ್ನುತ್ತಾಳೆ. ಆದರೆ ಒಂದು ದಿನ ಊರಿನ ಆ ತುದಿಯಲ್ಲಿರುವ ಬಾಲ್ಯದ ಗೆಳತಿಗೆ ಅವಳು ಫೋನಿನಲ್ಲಿ ಹೇಳಿದ್ದನ್ನು ಪುಟ್ಟ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದ. "ನೀನೂ ಬರೋ ಹಾಗಿಲ್ಲ, ನಾನೂ ಬರೋ ಹಾಗಿಲ್ಲ. ಇನ್ನು ನಮ್ಮದೆಲ್ಲ ಫೋನಲ್ಲೇ ಮುಗೀತು ಬಿಡೇ."

ಅಂದಿನಿಂದ ಅವನು ಹುಡುಕಿದ್ದು ಒಂದೇ ಕಾರನ್ನು. ಕುರ್ಚಿಯಷ್ಟು ಎತ್ತರದ ಸೀಟು, ಬೀರುವಿನ ಹಾಗೆ ಅಗಲವಾಗಿ ತೆರೆಯುವ ಬಾಗಿಲು. ಸೀಟಿಗೆ ಬೆನ್ನು ಮಾಡಿ ಕೂತು, ಕಾಲು ಒಳಗೆ ಎಳೆದುಕೊಂಡರಾಯಿತು, ಬಗ್ಗುವ ಮಾತೇ ಇಲ್ಲ. ಕಂಪನಿಯವರು ಅದನ್ನು ಮಾಡುವುದನ್ನು ಯಾವತ್ತೋ ನಿಲ್ಲಿಸಿದ್ದರು. ಕೊನೆಗೆ ಒಂದು ಸಿಕ್ಕಿತು, ಅದೂ ರಾತ್ರಿಯಿಡೀ ರೈಲಿನಲ್ಲಿ ಹೋಗಬೇಕಾದಷ್ಟು ದೂರದ ಊರಿನಲ್ಲಿ. ಮಾರುವಾಕೆ ನಿವೃತ್ತ ಟೀಚರಮ್ಮ. ಕಾರು ತೀರಿಹೋದ ಗಂಡನದು, ತನಗೆ ಓಡಿಸಲು ಕಣ್ಣು ಸಾಲದು. ಬೆಲೆ ಮಾತಾಡುವ ಮೊದಲು ಆಕೆ, ಅದರಲ್ಲಿ ಯಾರು ಕೂತುಕೊಳ್ಳುತ್ತಾರೆ ಎಂದು ಕೇಳಿದ್ದರು. ಪುಟ್ಟ ಅಕ್ಕನ ವಿಷಯ ಹೇಳಿದ. ಟೀಚರಮ್ಮನಿಗೆ ತುಂಬ ಸಂತೋಷವಾಯಿತು. ಅವನ ಮನೆ, ಅಂಗಡಿ ಎರಡರ ವಿಳಾಸವನ್ನೂ ಬರೆಸಿಕೊಂಡರು. ಕಾಗದಪತ್ರಕ್ಕಿರಬೇಕು ಎಂದುಕೊಂಡ ಇವನು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಇವನು ಪ್ರತ್ಯಕ್ಷವೂ ಕಂಡಿರಲಿಲ್ಲ. ಅಂಗಡಿಯಲ್ಲಿ ರಜೆ ಸಿಗದು. ಹಾಗಾಗಿ ಆ ಊರಿನಲ್ಲೇ ಒಬ್ಬ ಮೆಕ್ಯಾನಿಕ್ಕನ್ನು ಹಿಡಿದ. ಮಾರುವವರ ಕಡೆಯವನೂ ಅಲ್ಲ, ಕೊಳ್ಳುವವರ ಕಡೆಯವನೂ ಅಲ್ಲ, ದುಡ್ಡು ತೆಗೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಅಕ್ಕನಿಗೆ ಹೇಳಿದರೆ, ನನಗಾಗಿ ಖರ್ಚು ಮಾಡಬೇಡ ಎಂದು ಅಡ್ಡ ಹಾಕುತ್ತಾಳೆ. ಕಾರು ಬಾಗಿಲಿಗೆ ಬಂದ ಮೇಲೇ ತೋರಿಸಬೇಕೆಂದು ಗುಟ್ಟಾಗಿಟ್ಟ. ಅದಕ್ಕೇ ಮೆಕ್ಯಾನಿಕ್ ಬೆಳಿಗ್ಗೆ ಫೋನ್ ಮಾಡಿದಾಗ ಹೊರಗೆ ಮೆಟ್ಟಿಲ ಹತ್ತಿರ ಬಂದು, ಕಾರಿನ ಅಡಿಗೆ ಮಲಗಿ ನೋಡಿ, ತುಕ್ಕು ಇದೆಯಾ ಅಂತ ಚೆನ್ನಾಗಿ ನೋಡಿ, ಎಂದು ಒತ್ತಿ ಒತ್ತಿ ಹೇಳಿದ್ದು.

ಮೇಲಿನ ಮೆಟ್ಟಿಲಲ್ಲಿ ಡ್ರೈವರಣ್ಣ ಗಿಡಕ್ಕೆ ನೀರು ಹಾಕುತ್ತಿದ್ದ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು. ಕೈಗೆ ಸ್ಟೇರಿಂಗ್ ಇಲ್ಲದೆ ನೀರಿಂದ ಹೊರಗೆ ತೆಗೆದ ಮೀನಿನ ಹಾಗೆ ಒದ್ದಾಡುತ್ತಿದ್ದ. ಕಾರು ಅಂದದ್ದೇ ತಡ, ನೀರಿನ ಚೊಂಬು ಹಿಡಿದುಕೊಂಡೇ ಇಳಿದು ಬಂದ. ಗಾಡಿ ದಿನಾ ಬೆಳಿಗ್ಗೆ ಒಂದು ಸುತ್ತು ಓಡಬೇಕು, ಇಲ್ಲದಿದ್ದರೆ ಬ್ಯಾಟರಿ ಸಾಯುತ್ತದೆ, ಅದೆಲ್ಲ ತನಗೆ ಬಿಡಿ ಎಂದ. ಅಷ್ಟರಲ್ಲಿ ಮೂರನೇ ಮಹಡಿಯ ಟ್ಯೂಶನ್ ಮೇಡಂ ಬಂದು, ಭಾನುವಾರ ತಮಗೆ ಬೇಕಾಗುತ್ತದೆ, ಈಗಲೇ ಹೇಳಿರುತ್ತೇನೆ ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ.

ಪುಟ್ಟ ಒಳ್ಳೆಯವನೇ. ಆದರೆ ಕಾರು ಬರುವ ಮೊದಲೇ ಅದು ಊರವರ ಪಾಲಾಗುವುದು ಅವನ ಕಣ್ಣ ಮುಂದೆ ಬಂತು. ಅಕ್ಕ ಹೊರಡಬೇಕೆಂದಾಗ ಕಾರು ಇನ್ನೆಲ್ಲೋ ಇರುತ್ತದೆ. ಇಲ್ಲ ಅನ್ನಲು ನಾಲಗೆ ಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸುಳ್ಳೊಂದು ತಾನಾಗಿ ಬಾಯಿಗೆ ಬಂತು.

"ಅಯ್ಯೋ, ಅದು ಓಡಿಸೋಕಲ್ಲ ಡ್ರೈವರಣ್ಣ. ಬಿಚ್ಚಿ ಬಿಡಿಭಾಗ ಮಾರೋಕೆ ತಗೋತಿದೀನಿ."

ಮೇಡಂ ಆಗಲೇ ಮೆಟ್ಟಿಲು ಹತ್ತಿ ಹೋದರು. ಡ್ರೈವರಣ್ಣ ಮಾತ್ರ ಚೊಂಬು ಹಿಡಿದು ನಿಂತೇ ಇದ್ದ. ಓಡುವ ಗಾಡಿಯನ್ನು ಬಿಚ್ಚುತ್ತೀರಾ ಎಂದು ಕೇಳಿದ. ಹಳೇದಲ್ವಾ, ಎಂದು ಪುಟ್ಟ ಜಾರಿಕೊಂಡ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುತ್ತ ಅಂಗಡಿಗೆ ನಡೆದ.

ಅಂಗಡಿಗೆ ಅವನಿಗಿಂತ ಮೊದಲು ಸುದ್ದಿ ತಲುಪಿತ್ತು. ಕ್ಯಾಶಿನಲ್ಲಿ ಕೂರುವಾಕೆಯ ಮಗಳು ಟ್ಯೂಶನ್ ಮೇಡಂ ಹತ್ತಿರ ಹೋಗುತ್ತಾಳೆ, ಇನ್ನೇನು ಬೇಕು. ಗುಜರಿ ವ್ಯಾಪಾರ ಯಾವಾಗ ಶುರು ಮಾಡಿದಿರಿ, ನಮ್ಮ ಮನೆಯ ಹಳೇ ಫ್ರಿಜ್ಜೂ ಇದೆ ಎಂದಳು ಆಕೆ. ನೋಡೋಣ ಎಂದ ಪುಟ್ಟ. ಸುಳ್ಳಿಗೆ ಒಮ್ಮೆ ಬಾಗಿಲು ತೆರೆದ ಮೇಲೆ ನೆಂಟರನ್ನೆಲ್ಲ ಒಳಗೆ ಕೂರಿಸಬೇಕಾಗುತ್ತದೆ.

ಹೊತ್ತು ಏರುತ್ತಿದ್ದಂತೆ ಮೆಕ್ಯಾನಿಕ್ಕಿನ ಫೋನುಗಳು ಶುರುವಾದವು. ಆ ಪುಣ್ಯಾತ್ಮನಿಗೆ ಕೆಲಸದಲ್ಲಿ ಎಷ್ಟು ನಿಷ್ಠೆಯೆಂದರೆ, ಒಂದೊಂದು ನಟ್ಟು ನೋಡಿದಾಗಲೂ ಫೋನ್. ಅದೇ ಹೊತ್ತಿಗೆ ನೆಟ್ಟನೆ ಕೋಲಿನಂತೆ ನಿಂತ ಒಬ್ಬ ಹಿರಿಯರು ಅಂಗಡಿಗೆ ಬಂದರು. ಕನ್ನಡಕದ ಗಾಜು ಸಡಿಲವಾಗಿದೆ, ಸ್ಕ್ರೂ ಬಿಗಿ ಮಾಡಿಕೊಡಿ ಎಂದರು. ಪುಟ್ಟ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದ. ಆ ಕಡೆಯಿಂದ ಮೆಕ್ಯಾನಿಕ್, ಎಂಜಿನ್ ಶಬ್ದ ಕೇಳಿ, ಎಂದು ಗಾಡಿ ಸ್ಟಾರ್ಟ್ ಮಾಡಿದ. ಆಹಾ, ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಸಣ್ಣ ನಾದ. ಕೇಳುತ್ತ ಕೇಳುತ್ತ ಪುಟ್ಟ ಸ್ಕ್ರೂವನ್ನು ತಿರುಗಿಸುತ್ತಲೇ ಹೋದ. ಗಾಜು ಫಟ್ಟನೆ ಹಾರಿ ಬೀರುವಿನ ಅಡಿಗೆ ಉರುಳಿತು.

ತಪ್ಪಾಯಿತು ಅನ್ನಬೇಕಿತ್ತು. ಫೋನಿನಲ್ಲಿ ಎಂಜಿನ್ ಇನ್ನೂ ಹಾಡುತ್ತಿತ್ತು, ಇವನಿಗೆ ಕಿವಿ ಅತ್ತ. "ಹಳೇದು ಸಾರ್, ಎಷ್ಟು ದಿನ ಬರುತ್ತೆ. ಬಿಸಾಕಿ ಹೊಸದು ತಗೊಳ್ಳಿ," ಅಂದುಬಿಟ್ಟ. ಹಿರಿಯರು ನೆಲಕ್ಕೆ ಕೂತು ತಾವೇ ಗಾಜು ಹುಡುಕಿಕೊಂಡರು. ಆಮೇಲೆ ಕ್ಯಾಶಿನ ಹತ್ತಿರ ಬಹಳ ಹೊತ್ತು ಮಾತಾಡುತ್ತ ನಿಂತಿದ್ದರು. ಆಕೆ ಏನೇನೋ ವಿವರಿಸುತ್ತಿದ್ದಳು. ಪುಟ್ಟ ಗಮನ ಕೊಡಲಿಲ್ಲ.

ಸಂಜೆಗೆ ಮೆಕ್ಯಾನಿಕ್ಕಿನ ಕೊನೆಯ ಫೋನ್ ಬಂತು. ತುಕ್ಕಿಲ್ಲ, ಗುದ್ದಿದ ಗುರುತಿಲ್ಲ, ಬ್ರೇಕು ಗಟ್ಟಿ. ಇಂಥ ಗಾಡಿ ತಾನು ನೋಡಿ ಎಷ್ಟೋ ವರ್ಷವಾಯಿತು ಎಂದ. "ಕಣ್ಣು ಮುಚ್ಚಿಕೊಂಡು ತಗೊಳ್ಳಿ ಸಾರ್." ಪುಟ್ಟನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅಕ್ಕ ಮುಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂರುವುದನ್ನೇ ನೆನೆಸಿಕೊಂಡ.

ಕಟ್ಟಡದ ಬಾಗಿಲಲ್ಲಿ ನೋಡಿದರೆ ಅದೇ ಹಿರಿಯರು, ಡ್ರೈವರಣ್ಣನ ಜೊತೆ. ಇವರು ನಿಮ್ಮ ಕಾರಿನ ವಿಷಯವೇ ಕೇಳುತ್ತಿದ್ದರು ಎಂದ ಡ್ರೈವರಣ್ಣ. ಸರಿ, ಎರವಲು ಕೇಳುವವರ ಸಾಲಿಗೆ ಇನ್ನೊಬ್ಬರು ಸೇರಿದರು ಎಂದುಕೊಂಡ ಪುಟ್ಟ. ಇಂಥವರನ್ನು ಬುಡದಲ್ಲೇ ಕತ್ತರಿಸಬೇಕು. ಬೆಳಗಿನ ಸುಳ್ಳಿಗೆ ಕೈಕಾಲು ಮೂಡಿಸಿದ. ಎಂಜಿನ್ನಿಗೆ ಒಬ್ಬ ಗಿರಾಕಿ, ಬಾಗಿಲಿಗೆ ಇನ್ನೊಬ್ಬ, ಚಕ್ರಕ್ಕೆ ಮತ್ತೊಬ್ಬ, ಎಲ್ಲ ಮಾತಾಗಿದೆ ಎಂದ.

"ಮುಂದಿನ ಸೀಟು?" ಎಂದು ಕೇಳಿದರು ಹಿರಿಯರು.

"ಅದನ್ನ ಕಿತ್ತು ಅಂಗಡೀಲಿ ಹಾಕ್ಕೋತೀನಿ. ಗಿರಾಕಿಗಳು ಕೂತ್ಕೊಳ್ಳೋಕೆ."

ಹಿರಿಯರು ಕೈ ಮುಗಿದು ಪಕ್ಕಕ್ಕೆ ಸರಿದರು. ಡ್ರೈವರಣ್ಣನ ಮುಖ ನೋಡುವ ಹಾಗಿರಲಿಲ್ಲ. ಪುಟ್ಟ ಗೆದ್ದವನಂತೆ ಒಳಗೆ ಹೋಗಿ, ಕಾಫಿ ಕುಡಿದು, ಹಿತ್ತಲಿಗೆ ಬಂದು ಟೀಚರಮ್ಮನಿಗೆ ಫೋನ್ ಮಾಡಿದ. ಕಾರು ಪಾಸಾಗಿದೆ, ದುಡ್ಡು ನಾಳೆಯೇ ಕಳಿಸುತ್ತೇನೆ ಎಂದ.

"ಕಾರು ಪಾಸಾಯ್ತಪ್ಪ, ನೀವು ಪಾಸಾಗ್ಲಿಲ್ಲ," ಎಂದರು ಟೀಚರಮ್ಮ.

ನೀವು ನನ್ನ ಕಾರನ್ನು ಪರೀಕ್ಷೆ ಮಾಡಿಸುತ್ತೀನಿ ಎಂದಾಗ ನನಗೆ ಬೇಸರವಾಗಲಿಲ್ಲ, ಅದು ನ್ಯಾಯವೇ ಎಂದರು. ಅಷ್ಟೇ ನ್ಯಾಯವಾಗಿ ತಾವೂ ಕೊಳ್ಳುವವರನ್ನು ಪರೀಕ್ಷೆ ಮಾಡಿಸಿದರಂತೆ. ಜೊತೆಯಲ್ಲಿ ಕೆಲಸ ಮಾಡಿದ ಡ್ರಿಲ್ ಮೇಷ್ಟ್ರು ನಿವೃತ್ತರಾಗಿ ಇದೇ ಊರಿನಲ್ಲಿದ್ದಾರೆ. ಇವತ್ತೆಲ್ಲ ಇವನ ಅಂಗಡಿ, ಮನೆ ಎಂದು ಓಡಾಡಿ, ಈಗ ತಾನೇ ವರದಿ ಒಪ್ಪಿಸಿದರು.

"ಮೇಲ್ನೋಟಕ್ಕೆ ಚೆನ್ನಾಗಿದೀರಂತೆ. ಆದ್ರೆ ಹಳೇ ವಸ್ತು ಕಂಡ್ರೆ ಕರುಣೆ ಇಲ್ಲ. ಒಳಗೊಂದು, ಹೊರಗೊಂದು. ನಮ್ಮನೆಯವರು ಆ ಕಾರನ್ನ ಮಗು ಥರ ನೋಡ್ಕೊಂಡಿದ್ರು. ಅದನ್ನ ನೀವು ಬಿಚ್ಚಿ ಮಾರ್ತೀರಾ? ಹೋಗಲಿ, ವ್ಯಾಪಾರ ಅಂತ ಹೇಳಿದ್ರೆ ಸಹಿಸ್ಕೋತಿದ್ದೆ. ಅದಕ್ಕೆ ಕಾಯಿಲೆಯ ಅಕ್ಕನ ಹೆಸರು ಹೇಳಬಾರದಿತ್ತು."

ಪುಟ್ಟ ತೊದಲಿದ. ಅಕ್ಕ ಇದ್ದಾಳೆ, ನಿಜವಾಗಿಯೂ ಇದ್ದಾಳೆ, ಬಿಚ್ಚುವ ಮಾತು ಸುಳ್ಳು ಎಂದ. ಯಾಕೆ ಸುಳ್ಳು ಹೇಳಿದಿರಿ ಎಂದು ಅವರು ಕೇಳಿದರು. ನೆರೆಯವರು ಎರವಲು ಕೇಳಬಾರದು ಅಂತ, ಎಂದ. ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಸುಳ್ಳಿಗಿಂತ ಕೀಳಾಗಿ ಅವನಿಗೇ ಕೇಳಿಸಿತು. ಟೀಚರಮ್ಮ ನಿಟ್ಟುಸಿರು ಬಿಟ್ಟರು. ಇನ್ನು ಏನು ಹೇಳಿದರೂ ಪ್ರಯೋಜನವಿಲ್ಲ, ಡ್ರಿಲ್ ಮೇಷ್ಟ್ರು ಒಬ್ಬ ಒಳ್ಳೆಯ ಮನುಷ್ಯನನ್ನು ಹುಡುಕಿಕೊಟ್ಟಿದ್ದಾರೆ, ಅವರಿಗೆ ಮಾತು ಕೊಟ್ಟಾಯಿತು ಎಂದು ಫೋನಿಟ್ಟರು.

ಪುಟ್ಟ ಹಿತ್ತಲಲ್ಲೇ ಕೂತುಬಿಟ್ಟ. ಬೆಳಿಗ್ಗೆ ಮೆಟ್ಟಿಲ ಹತ್ತಿರ ಎರಡು ನಿಜ ಮಾತು ಹೇಳಿದ್ದರೆ ಆಗುತ್ತಿತ್ತು. ವಾರಕ್ಕೊಂದು ದಿನ ಕಾರು ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಒಳಗಿನಿಂದ ಮಾತು ಕೇಳಿಸಿದಾಗಲೇ ಅವನು ಕಣ್ಣೊರೆಸಿಕೊಂಡು ಹೋದದ್ದು.

ಡ್ರೈವರಣ್ಣ ಬಂದು ಅಕ್ಕನ ಎದುರು ಕೂತಿದ್ದ. ಪುಟ್ಟನನ್ನು ಕಂಡು ಎದ್ದು ನಿಂತ. ತಪ್ಪು ಮಾಡಿದ ಹುಡುಗನ ಹಾಗೆ ಕೈ ಕೈ ಹಿಸುಕಿಕೊಂಡ.

"ಬೈಕೋಬೇಡಿ ಪುಟ್ಟಣ್ಣ. ನಿಮ್ಮ ವ್ಯಾಪಾರ ಕೆಡಿಸಿದೆ. ಓಡೋ ಗಾಡಿ ಬಿಚ್ತಾರೆ ಅಂದಾಗಿಂದ ನನಗೆ ಊಟ ಸೇರಲಿಲ್ಲ. ಆ ಮೇಷ್ಟ್ರ ಹತ್ತಿರ ಹೇಳ್ಕೊಂಡೆ, ನನ್ನ ನಿವೃತ್ತಿ ದುಡ್ಡು ಸುಮ್ನೆ ಬಿದ್ದಿದೆ, ನನಗೇ ಕೊಡಿಸಿ ಅಂತ. ಅವರು ಅಲ್ಲೇ ನಿಂತು ಫೋನ್ ಹಚ್ಚಿಕೊಟ್ರು."

ಡ್ರೈವರಣ್ಣ ಅಕ್ಕನ ಕಡೆ ತಿರುಗಿ, ಮೇಷ್ಟ್ರು ಹೇಳಿದ ಪ್ರಕಾರ ಆ ಗಾಡಿಯ ಸೀಟು ಕುರ್ಚಿಯಷ್ಟು ಎತ್ತರ, ನೀವು ಬಗ್ಗುವುದೇ ಬೇಡ, ಅದನ್ನು ನೆನೆಸಿಕೊಂಡೇ ಮನಸ್ಸು ಮಾಡಿದೆ ಎಂದ. ಮೊದಲನೇ ಸವಾರಿ ನಿಮ್ಮದು, ಎಲ್ಲಿಗೆ ಅಂತ ಹೇಳಿ. ಎಲ್ಲಿಗೂ ಹೋಗುವುದಿಲ್ಲ ಅನ್ನುತ್ತಿದ್ದ ಅಕ್ಕ ಒಂದು ಕ್ಷಣವೂ ಯೋಚಿಸದೆ ಗೆಳತಿಯ ಮನೆಯ ದಾರಿ ಹೇಳತೊಡಗಿದಳು. ಎಷ್ಟೋ ದಿನದಿಂದ ಕಾಣದಿದ್ದ ನಗು ಅವಳ ಮುಖದ ಮೇಲಿತ್ತು. ಅದನ್ನು ನೋಡಲೆಂದೇ ಪುಟ್ಟ ಇಷ್ಟೆಲ್ಲ ಮಾಡಿದ್ದು.

ಡ್ರೈವರಣ್ಣನಿಗೆ ಒಂದೇ ಅನುಮಾನ ಉಳಿದಿತ್ತು. ದೂರದ ಗಾಡಿ, ನೋಡದೆ ಒಪ್ಪಿಕೊಂಡಿದ್ದಾನೆ. ನೀವು ಯಾರೋ ಮೆಕ್ಯಾನಿಕ್ಕಿಗೆ ತೋರಿಸಿದಿರಲ್ಲ, ಏನಂದರು ಎಂದು ಸಂಕೋಚದಿಂದ ಕೇಳಿದ.

"ಕಣ್ಣು ಮುಚ್ಚಿಕೊಂಡು ತಗೋಬಹುದಂತೆ," ಎಂದ ಪುಟ್ಟ.

ಅಕ್ಕ ಡ್ರೈವರಣ್ಣನನ್ನು ಬಾಯ್ತುಂಬ ಹರಸಿದಳು. ಆಮೇಲೆ ತಮ್ಮನ ಕಡೆ ನೋಡಿದಳು. ಸಿಟ್ಟಿರಲಿಲ್ಲ, ಆ ಸಂತೋಷದಲ್ಲಿ ಸುಮ್ಮನೆ ಬಾಯಿಗೆ ಬಂದದ್ದು ಅಷ್ಟೇ.

"ನೋಡೋ ಪುಟ್ಟ, ಆ ಕಾರು ನಿನ್ನ ಕೈಗೇ ಬಂದಿತ್ತಲ್ಲೋ. ಒಂದು ಸಲಾನೂ ನಿನಗೆ ಅಕ್ಕನ ನೆನಪಾಗಲಿಲ್ವಾ?"

ಪುಟ್ಟ ಬಾಯಿ ತೆರೆದ. ನಿಜ ಹೇಳಬೇಕೆಂದರೆ ಎರವಲಿನ ಮಾತು ಹೇಳಬೇಕು, ಅದೂ ಡ್ರೈವರಣ್ಣನ ಎದುರಿಗೇ. ಆತ ಇನ್ನೂ ಅಪರಾಧಿಯ ಹಾಗೆ ಕೈ ಹಿಸುಕುತ್ತ ನಿಂತಿದ್ದ.

"ಇಲ್ಲಕ್ಕ," ಎಂದ ಪುಟ್ಟ. "ನನಗೆ ಹೊಳೀಲೇ ಇಲ್ಲ."