ಬಿಯರ್ ಮಂಡಳಿಗೆ ಫೇಲಾದ ನಾಲಿಗೆಯ ನಮಸ್ಕಾರಗಳು

ನ್ಯೂಟೌನ್, ಭದ್ರಾವತಿ
17-2-2005

ಇವರಿಗೆ,
ಮಾನ್ಯ ಅಧ್ಯಕ್ಷರು,
ಹವ್ಯಾಸಿ ಬಿಯರ್ ತೀರ್ಪುಗಾರರ ಪರೀಕ್ಷಾ ಮಂಡಳಿ,
ಬೆಂಗಳೂರು.

ವಿಷಯ: ಕಳೆದ ಏಪ್ರಿಲ್‌ನಲ್ಲಿ ಶಿವಮೊಗ್ಗ ಕೇಂದ್ರದಲ್ಲಿ ನಡೆದ ಪರೀಕ್ಷೆಯಲ್ಲಿ ನನ್ನ ನಾಲಿಗೆ ಅನುತ್ತೀರ್ಣವಾದುದಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ.

ಮಾನ್ಯರೇ,

ತಾವೂ ತಮ್ಮ ಮಂಡಳಿಯ ಸಕಲ ಸದಸ್ಯರೂ, ವಿಶೇಷವಾಗಿ ಪರೀಕ್ಷೆಯ ದಿನ ನೆಗಡಿಯಿಂದ ಬಳಲುತ್ತಿದ್ದ ತಮ್ಮ ಮುಖ್ಯ ಪರೀಕ್ಷಕರೂ ಕ್ಷೇಮವಾಗಿದ್ದೀರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಅವರ ಮೂಗು ಈಗ ಹೇಗಿದೆಯೆಂದು ಒಂದು ಸಾಲು ತಿಳಿಸಿದರೆ ಉಪಕಾರವಾಗುತ್ತದೆ, ಏಕೆಂದರೆ ನನ್ನ ಮರ್ಯಾದೆ, ನಮ್ಮ ಮನೆಯ ಫ್ರಿಜ್ಜಿನೊಳಗೆ ಎಲ್ಲಕ್ಕಿಂತ ಕೆಳಗಿನ ತಟ್ಟೆ ಮತ್ತು ನಡುಮನೆಯ ಗೋಡೆಯ ಒಂದು ಮೊಳೆ, ಈ ಮೂರರ ಭವಿಷ್ಯವೂ ಆ ಮೂಗಿನ ಮೇಲೆ ನಿಂತಿತ್ತು. ಇಷ್ಟು ಭಾರ ಹೊತ್ತ ಮೂಗು ಕಟ್ಟಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ತಮ್ಮ ಕಡತದಲ್ಲಿ ನಾನು ಒಂದು ನೋಂದಣಿ ಸಂಖ್ಯೆ ಮತ್ತು ಅದರ ಮುಂದಿನ ಕೆಂಪು ಗೀಟು ಮಾತ್ರವಾದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಇಪ್ಪತ್ತೆಂಟು ವರ್ಷ ನಿಂತವನು ನಾನು. ನೀಲಿ ಗಾಜಿನಲ್ಲಿ ನೋಡಿ ಉಕ್ಕು ಹದಕ್ಕೆ ಬಂತೋ ಇಲ್ಲವೋ ಹೇಳುವುದು, ಉದ್ದನೆಯ ಸೌಟಿನಲ್ಲಿ ಒಂದಿಷ್ಟು ತೆಗೆದು ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಮುರಿದು, ಮುರಿದ ಮುಖ ನೋಡಿ ಇಂಗಾಲ ಎಷ್ಟಿದೆಯೆಂದು ಅಂದಾಜಿಸುವುದು ನನ್ನ ಕೆಲಸ. ಆಮೇಲೆ ಬರುತ್ತಿದ್ದ ಲ್ಯಾಬಿನ ಚೀಟಿಗೂ ನನ್ನ ಬಾಯಿಮಾತಿಗೂ ಕೂದಲೆಳೆಯಷ್ಟೇ ವ್ಯತ್ಯಾಸ ಇರುತ್ತಿತ್ತು. ಆದರೂ ಸ್ವಯಂನಿವೃತ್ತಿಯ ದಿನ ನನ್ನ ಫಾರಂ ತುಂಬಿದ ಗುಮಾಸ್ತರು ವಿದ್ಯಾರ್ಹತೆ ಎಂಬಲ್ಲಿ ‘ಎಸ್ಸೆಸ್ಸೆಲ್ಸಿ ಫೇಲ್’ ಎಂದು ಬರೆದು, ವಿಶೇಷ ನೈಪುಣ್ಯ ಎಂಬಲ್ಲಿ ಒಂದು ಅಡ್ಡಗೆರೆ ಎಳೆದರು. ಆ ಅಡ್ಡಗೆರೆಯಿಂದ ನನಗೆ ನೋವಾಯಿತು, ಇವತ್ತಿಗೂ ಆಗುತ್ತದೆ. ಈ ಮನುಷ್ಯನಿಗೂ ಏನೋ ಒಂದು ಗೊತ್ತಿದೆ ಎಂದು ಮುದ್ರೆಯೊತ್ತಿದ ಕಾಗದವೊಂದು ಸಾಯುವುದರೊಳಗೆ ಬೇಕು ಅನ್ನಿಸಿತು. ಅದೇ ಸಮಯಕ್ಕೆ ಪತ್ರಿಕೆಯಲ್ಲಿ ತಮ್ಮ ಜಾಹೀರಾತು ಕಂಡಿತು. ಬಿಯರ್ ಕುಡಿಯುವುದನ್ನು ಜೀವನೋಪಾಯ ಮಾಡಿಕೊಳ್ಳದ, ಆದರೆ ರುಚಿ ಬಲ್ಲ ಹವ್ಯಾಸಿಗಳಿಗೆ ಪರೀಕ್ಷೆ ನಡೆಸಿ ತೀರ್ಪುಗಾರರೆಂದು ಪ್ರಮಾಣಪತ್ರ ಕೊಡುತ್ತೇವೆ ಎಂದು ತಾವು ಬರೆದಿದ್ದಿರಿ. ಒಂದು ಗುಟುಕು ಬಾಯಿಗೆ ಬಿದ್ದರೆ ಹಿಂದಿನ ದಿನ ಯಾವ ಅಂಗಡಿಯಲ್ಲಿ ಕರೆಂಟು ಹೋಗಿತ್ತೆಂದು ಹೇಳಬಲ್ಲ ನಾನು ಆ ಜಾಹೀರಾತನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡೆ.

ಇನ್ನು ಮನೆಯ ಒಪ್ಪಂದದ ವಿಷಯ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ನಮ್ಮ ಮನೆಯವರಾದ ಮಹಾಂತಮ್ಮನವರು ನನ್ನ ಭಾನುವಾರದ ಬಾಟಲಿಯನ್ನು ಮೂವತ್ತು ವರ್ಷಗಳಿಂದ ಕಾಂಪೌಂಡಿನ ಹೊರಗೇ ನಿಲ್ಲಿಸಿದವರು. ಇದು ಕುಡಿತವಲ್ಲ, ವ್ಯಾಸಂಗ ಎಂದು ತಮ್ಮ ಪಠ್ಯಕ್ರಮವನ್ನು ಓದಿ ಹೇಳಿದೆ. ಬೆಲ್ಜಿಯಂ ದೇಶದಲ್ಲಿ ಮಠದ ಸನ್ಯಾಸಿಗಳೇ ಬಿಯರ್ ತಯಾರಿಸುತ್ತಾರೆ ಎಂಬಲ್ಲಿಗೆ ಬಂದಾಗ ಅವರು ಆ ಮಠದಲ್ಲಿ ದಾಸೋಹವಾದರೂ ಇದೆಯೇ ಎಂದು ವಿಚಾರಿಸಿದರು. ಕೊನೆಗೆ ತೀರ್ಮಾನವಾದದ್ದು ಹೀಗೆ: ಪರೀಕ್ಷೆ ಮುಗಿಯುವವರೆಗೆ ಫ್ರಿಜ್ಜಿನ ಕೆಳಗಿನ ತಟ್ಟೆ ನನ್ನದು, ಪಾಸಾದರೆ ಖಾಯಂ ನನ್ನದು, ಫೇಲಾದರೆ ಜೀವಮಾನದಲ್ಲಿ ಬಾಟಲಿಯ ಹೆಸರೆತ್ತುವ ಹಾಗಿಲ್ಲ. ನಾನು ಧೈರ್ಯವಾಗಿ ಒಪ್ಪಿಕೊಂಡು, ಪ್ರಮಾಣಪತ್ರ ತೂಗುಹಾಕಲು ನಡುಮನೆಯ ಗೋಡೆಗೆ ಅವತ್ತೇ ಮೊಳೆ ಹೊಡೆದೆ.

ಶಿವಮೊಗ್ಗದಲ್ಲಿ ಕೇಂದ್ರ ತೆರೆಯಬೇಕಾದರೆ ಹನ್ನೆರಡು ಅಭ್ಯರ್ಥಿಗಳಾದರೂ ಇರಬೇಕೆಂದು ತಾವು ತಿಳಿಸಿದಿರಿ. ಹೊಳಲೂರಿನಿಂದ ಹಿಡಿದು ಭದ್ರಾವತಿಯವರೆಗೆ ತಿರುಗಿ ನನ್ನನ್ನೂ ಸೇರಿಸಿ ಹನ್ನೊಂದು ಜನರನ್ನು ಕೂಡಿಸಿದೆ. ಹನ್ನೆರಡನೆಯವರು ಸಿಗದೆ, ಮಹಾಂತಮ್ಮನವರ ತಮ್ಮ ಶಿವಯೋಗಿಯ ಕಾಲು ಹಿಡಿದೆ. ಇವನು ರವೀಂದ್ರನಗರದಲ್ಲಿ ಟ್ಯುಟೋರಿಯಲ್ ನಡೆಸುತ್ತಾನೆ. ಬಿಯರ್ ಇರಲಿ, ಕಾಫಿಯನ್ನೂ ಮುಟ್ಟದೆ ಜೀರಿಗೆ ಕಷಾಯ ಕುಡಿಯುವವನು. ಪಾಠ ಅರ್ಥವಾಗದಿದ್ದರೂ ಪರೀಕ್ಷೆ ಪಾಸು ಮಾಡಿಸುವುದು ಹೇಗೆ ಎಂಬುದರಲ್ಲಿ ಅವನನ್ನು ಮೀರಿಸುವವರು ಈ ಜಿಲ್ಲೆಯಲ್ಲಿಲ್ಲ. ನುಂಗುವುದಿಲ್ಲ ಎಂಬ ಷರತ್ತು ಹಾಕಿದ. ನುಂಗುವುದು ಕಡ್ಡಾಯವಲ್ಲ ಎಂದು ತಮ್ಮ ನಿಯಮಾವಳಿಯಲ್ಲಿ ನಾನೇ ಹುಡುಕಿ ತೋರಿಸಿದೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವವನು ಅದರ ಅಳತೆಯನ್ನಾದರೂ ಸರಿಯಾಗಿ ತೆಗೆದುಕೊಳ್ಳಬೇಕಲ್ಲ.

ಕೋಟೆ ರಸ್ತೆಯ ಲಾಡ್ಜೊಂದರ ಮಹಡಿಯ ಮೇಲೆ ಪರೀಕ್ಷೆ ನಡೆಯಿತು. ನೂರಕ್ಕೆ ಎಪ್ಪತ್ತು ಅಂಕ ಬರವಣಿಗೆಗೆ, ಮೂವತ್ತು ಅಂಕ ನಾಲಿಗೆಗೆ ಎಂದು ಹಂಚಿದ ತಮ್ಮ ದೂರದೃಷ್ಟಿಗೆ ಕೈಮುಗಿಯಬೇಕು. ಈಜುವವರನ್ನು ಆರಿಸಲು ಎಪ್ಪತ್ತು ಅಂಕಕ್ಕೆ ನದಿಯ ಮೇಲೆ ಪ್ರಬಂಧ ಬರೆಸಿದರೆ ಯಾರೂ ಮುಳುಗುವ ಭಯವಿಲ್ಲ. ಆ ಸನ್ಯಾಸಿಗಳ ಬಿಯರಿನ ಬಣ್ಣ, ನೊರೆ, ಪರಿಮಳಗಳನ್ನು ವಿವರಿಸಿ ಎಂಬ ಪ್ರಶ್ನೆಗೆ, ನಮ್ಮ ಊರಿಗೆ ಅದು ಬಂದಿಲ್ಲವಾದ್ದರಿಂದ ರುಚಿ ನೋಡದೆ ಹೇಳುವುದು ತಪ್ಪಾಗುತ್ತದೆ ಎಂದು ಬರೆದು ಸೊನ್ನೆ ಪಡೆದೆ. ತೀರ್ಪುಗಾರನಿಗೆ ಇರಬೇಕಾದ ಮೊದಲ ಗುಣ ಅದೇ ಎಂದು ನಾನು ತಿಳಿದಿದ್ದೆ. ಶಿವಯೋಗಿ ಅದೇ ಪ್ರಶ್ನೆಗೆ ನಾಲ್ಕು ಪುಟ ಬರೆದ, ಮುಖ್ಯ ಪದಗಳ ಕೆಳಗೆ ಹಸಿರು ಶಾಯಿಯಲ್ಲಿ ಗೆರೆ ಎಳೆದ, ಉಪಸಂಹಾರವನ್ನೂ ಸೇರಿಸಿದ.

ಆಮೇಲೆ ರುಚಿಯ ಪರೀಕ್ಷೆ. ಎರಡನೆಯ ಲೋಟದ ಬಿಯರಿಗೆ ತಾವು ಬೆಂಗಳೂರಿನಲ್ಲೇ ಬೇಕೆಂದೇ ಬೆಣ್ಣೆಯ ವಾಸನೆಯ ದೋಷವನ್ನು ಬೆರೆಸಿ, ಉತ್ತರ ಸೂಚಿಯಲ್ಲಿ ‘ಬೆಣ್ಣೆ’ ಎಂದು ಬರೆದು ಲಕೋಟೆಗೆ ಅರಗು ಹಾಕಿದಿರಿ. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತ. ಆದರೆ ಲಕೋಟೆ ಬಸ್ಸಿನೊಳಗೆ ಸೀಟಿನಲ್ಲಿ ಕೂತು ಬಂತು, ಬಾಟಲಿಗಳು ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಟಾಪಿನ ಮೇಲೆ ಏಳು ಗಂಟೆ ಮಲಗಿ ಬಂದವು. ನನ್ನ ಬಾಯಿಗೆ ಬಂದದ್ದು ನೆನೆದ ರಟ್ಟಿನ ರುಚಿ. ಬೆಣ್ಣೆ ಇದ್ದರೂ ಅದರಡಿ ಹೂತುಹೋಗಿತ್ತು. ರಟ್ಟು ಎಂದೇ ಬರೆದು, ಇದನ್ನು ಬಿಸಿಲಿನಲ್ಲಿ ತಂದಿದ್ದಾರೆ ಎಂಬ ಷರಾ ಹಾಕಿದೆ. ಪರೀಕ್ಷೆ ಮುಗಿದ ಮೇಲೆ ಮೆಟ್ಟಿಲ ಕೆಳಗೆ ಪೆಟ್ಟಿಗೆಯನ್ನೂ ಅದಕ್ಕೆ ಕಟ್ಟಿದ್ದ ಬಸ್ಸಿನ ಲಗೇಜು ಚೀಟಿಯನ್ನೂ ನೋಡಿ ಖಾತ್ರಿ ಮಾಡಿಕೊಂಡು, ಚೀಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ತಮ್ಮ ಮುಖ್ಯ ಪರೀಕ್ಷಕರು ತಾವೂ ಕುಡಿದು ನೋಡಿ ಸೂಚಿಯನ್ನು ತಿದ್ದಬೇಕೆಂಬ ನಿಯಮವಿತ್ತು. ಆದರೆ ಇಡೀ ಹಾಲ್ ಘಮಗುಟ್ಟುವಷ್ಟು ನೆಗಡಿಯ ಮುಲಾಮು ಹಚ್ಚಿಕೊಂಡಿದ್ದ ಅವರಿಗೆ ಬೆಣ್ಣೆಯೂ ಒಂದೇ, ರಟ್ಟೂ ಒಂದೇ. ಲಕೋಟೆ ಹೇಳಿದ್ದಕ್ಕೇ ಅವರು ಸಹಿ ಹಾಕಿದರು. ಶಿವಯೋಗಿಯಾದರೋ ಹಿಂದಿನ ಐದು ವರ್ಷಗಳ ಪ್ರಶ್ನೆಪತ್ರಿಕೆ ತರಿಸಿಕೊಂಡು, ಎರಡನೆಯ ಲೋಟಕ್ಕೆ ತಾವು ಪ್ರತಿ ವರ್ಷವೂ ಬೆಣ್ಣೆಯನ್ನೇ ಬೆರೆಸುತ್ತೀರೆಂದು ಮೊದಲೇ ಪತ್ತೆ ಮಾಡಿದ್ದ. ತುಟಿಗೆ ತಾಗಿಸಿ, ಬೋಸಿಗೆ ಉಗಿದು, ‘ಬೆಣ್ಣೆ’ ಎಂದು ಮುತ್ತು ಪೋಣಿಸಿದಂತೆ ಬರೆದ.

ಫಲಿತಾಂಶ ತಮಗೆ ತಿಳಿದದ್ದೇ. ಶಿವಯೋಗಿಗೆ ಎಂಬತ್ತೆಂಟು, ವಿಶೇಷ ದರ್ಜೆ, ಜಿಲ್ಲೆಗೆ ಏಕೈಕ ಅರ್ಹ ತೀರ್ಪುಗಾರ. ನನಗೆ ನಲವತ್ತೊಂಬತ್ತು, ಪಾಸಾಗಲು ಬೇಕಿದ್ದದ್ದು ಐವತ್ತು. ಅವತ್ತು ಸಂಜೆ ಮಹಾಂತಮ್ಮನವರು ಕೆಳಗಿನ ತಟ್ಟೆಯನ್ನು ಬೇವಿನ ಸೊಪ್ಪು ಹಾಕಿ ತೊಳೆದು ಮೊಸರಿನ ಪಾತ್ರೆ ಇಟ್ಟರು. ಬೈದಿದ್ದರೆ ಎಷ್ಟೋ ಮೇಲಿತ್ತು. ಬಸ್ಸಿನ ಚೀಟಿಯ ಪ್ರತಿ ಲಗತ್ತಿಸಿ ಮರುಪರಿಶೀಲನೆಗೆ ಅರ್ಜಿ ಹಾಕಿದಾಗ, ಮಂಡಳಿಯ ಹದಿನಾಲ್ಕನೆಯ ನಿಯಮದ ಪ್ರಕಾರ ಅರ್ಹತೆ ಪಡೆದ ತೀರ್ಪುಗಾರರು ಒಮ್ಮೆ ನೀಡಿದ ಅಂಕವೇ ಅಂತಿಮ, ಬಾಟಲಿ ಹೇಗೆ ಪ್ರಯಾಣ ಮಾಡಿತೆಂಬುದು ಅಪ್ರಸ್ತುತ ಎಂದು ತಾವು ಸ್ವಹಸ್ತದಿಂದ ಉತ್ತರಿಸಿದಿರಿ. ಆ ಪತ್ರವನ್ನು ಜೋಪಾನವಾಗಿ ಇಟ್ಟಿದ್ದೇನೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತಾವು ನಗುತ್ತಿರಬಹುದು. ಅದಕ್ಕಾಗಿ ಕಾರ್ಖಾನೆಯ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರುತ್ತೇನೆ. ನಮ್ಮ ಲ್ಯಾಬಿಗೆ ಸ್ಯಾಂಪಲ್ ಹೋಗುವಾಗ ಅದರ ಮೇಲೆ ನಂಬರ್ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆಗಾಗ ಒಂದೇ ತುಂಡನ್ನು ಎರಡು ನಂಬರಿನಲ್ಲಿ ಕಳಿಸುತ್ತಿದ್ದರು. ಎರಡಕ್ಕೂ ಒಂದೇ ಉತ್ತರ ಬಂದರೆ ಕೆಮಿಸ್ಟರಿಗೆ ಕೆಲಸ ಗೊತ್ತು, ಬರದಿದ್ದರೆ ಇಲ್ಲ. ಅಷ್ಟೇ ಪರೀಕ್ಷೆ. ತಾವೂ ಒಂದೇ ಬಾಟಲಿಯನ್ನು ಒಂದನೆಯ ಲೋಟಕ್ಕೂ ನಾಲ್ಕನೆಯ ಲೋಟಕ್ಕೂ ಬಗ್ಗಿಸಿ, ಅಭ್ಯರ್ಥಿಗಳಿಗೆ ಕೊಡುವ ಮೊದಲು ಪರೀಕ್ಷಕರಿಗೇ ಕೊಟ್ಟು ನೋಡಬಹುದು. ಇದು ದುಬಾರಿ ಅನ್ನಿಸಿದರೆ ಬೇರೆ ಉಪಾಯಗಳಿವೆ: ಪರೀಕ್ಷೆಗೆ ಒಂದು ವಾರ ಮೊದಲು ಎಲ್ಲ ಅಭ್ಯರ್ಥಿಗಳಿಗೂ ಮಂಡಳಿಯ ವತಿಯಿಂದಲೇ ಸಮಾನ ಪ್ರಮಾಣದ ನೆಗಡಿ ಹಂಚುವುದು; ಬಾಟಲಿಗಳನ್ನು ಬೆಂಗಳೂರಿನಲ್ಲೇ ಇಟ್ಟುಕೊಂಡು ಲಕೋಟೆಯನ್ನಷ್ಟೇ ನೀರಿನಲ್ಲಿ ನೆನೆಸಿ ಕುಡಿಸುವುದು; ಅಥವಾ ಬೆಲ್ಜಿಯಂನ ಸನ್ಯಾಸಿಗಳು ಒಂದು ಶ್ರಾವಣ ಭದ್ರಾವತಿಯಲ್ಲಿ ಬಿಡಾರ ಹೂಡುವಂತೆ ಏರ್ಪಾಡು ಮಾಡುವುದು. ಅವರ ದಾಸೋಹದ ವ್ಯವಸ್ಥೆ ನೋಡಿಕೊಳ್ಳಲು ಮಹಾಂತಮ್ಮನವರು ಸಿದ್ಧರಿದ್ದಾರೆ.

ಈ ಮಧ್ಯೆ ಶಿವಯೋಗಿಯ ಪ್ರಮಾಣಪತ್ರ ಬಂತು. ಬಿಯರ್ ಎಂಬ ಅಕ್ಷರ ಟ್ಯುಟೋರಿಯಲ್ಲಿನ ಗೋಡೆಯ ಮೇಲೆ ಕಂಡರೆ ಮಕ್ಕಳ ತಂದೆತಾಯಿ ಸುಮ್ಮನಿರುತ್ತಾರೆಯೇ? ಅವನು ಅದಕ್ಕೆ ಕಟ್ಟು ಹಾಕಿಸಿಕೊಂಡು ನಮ್ಮ ಮನೆಗೇ ತಂದ. ನಾನು ಹೊಡೆದ ಮೊಳೆಗೆ ಅದು ಸರಿಯಾಗಿ ಕೂತಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಗೆ ನಮ್ಮ ನಡುಮನೆಯಲ್ಲಿ ಈಗ ಚಿತ್ರವೂ ಇದೆ.

ಕಳೆದ ತಿಂಗಳು ಅದೇ ಲಾಡ್ಜಿನಲ್ಲಿ ತಮ್ಮ ಮಂಡಳಿಯ ಬಿಯರ್ ಸ್ಪರ್ಧೆಯ ಸುತ್ತು ನಡೆದಾಗ ಶಿವಯೋಗಿಯೇ ತೀರ್ಪುಗಾರ. ಲೋಟ ಎತ್ತಿಕೊಡಲು ಒಬ್ಬ ಸಹಾಯಕನಿಗೆ ನಿಯಮದಲ್ಲಿ ಅವಕಾಶವಿದೆ. ನಾನು ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೋದೆ. ಬಾಟಲಿಗಳ ಮೇಲೆ ಹೆಸರಿರಲಿಲ್ಲ, ನಂಬರ್ ಮಾತ್ರ ಇತ್ತು. ಮೊದಲ ಲೋಟವನ್ನು ಮೂಸಿದ ಶಿವಯೋಗಿ ಮೆಲ್ಲಗೆ, “ಭಾವ, ನಂಗೆ ಎಲ್ಲಾ ಸೋಪಿನ ನೀರಿದ್ದಂಗಿದೆ, ನೀವೇ ಹೇಳಿ” ಎಂದ. ಹೇಳುತ್ತಾ ಹೋದೆ, ಅವನು ಬರೆಯುತ್ತಾ ಹೋದ. ಏಳನೆಯ ನಂಬರಿಗೆ ನಾನು ಹೇಳಿದ್ದು ತಳ ಹಿಡಿದ ಅಂಬಲಿ, ಮೇಲೆ ನೆನೆದ ರಟ್ಟು, ಐವತ್ತಕ್ಕೆ ಹನ್ನೊಂದು. ಅನ್ಯಾಯವಾಗಬಾರದೆಂದು ಗೋಡೆಗೆ ಮುಖ ಮಾಡಿ ನಿಂತು, ಲೋಟಗಳನ್ನು ಅದಲುಬದಲು ಮಾಡಿ ಮತ್ತೆ ಕೊಡಲು ಶಿವಯೋಗಿಗೆ ಹೇಳಿದೆ. ಎರಡನೆಯ ಸಲವೂ ಹನ್ನೊಂದೇ ಬಂತು.

ಮನೆಗೆ ಬಂದು ಶಿವಯೋಗಿ ಅಕ್ಕನೆದುರು ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಮಹಾಂತಮ್ಮನವರು ಗೋಡೆಯ ಕಟ್ಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಎದ್ದುಹೋಗಿ ಮೊಸರಿನ ಪಾತ್ರೆಯನ್ನು ಮೇಲಿನ ತಟ್ಟೆಗೆ ಸರಿಸಿದರು. “ಕಾಗದ ಯಾರ್ದಾದ್ರೂ ಇರ್ಲಿ, ನಾಲಿಗೆ ನಿಮ್ದೇ ಅಲ್ವಾ” ಎಂದರು. ಭಾನುವಾರ, ಒಂದೇ ಬಾಟಲಿ ಎಂದೂ ಸೇರಿಸಿದರು. ನನಗೆ ಕಣ್ಣು ತುಂಬಿ ಬಂತು. ಆದ್ದರಿಂದ ತಮ್ಮ ಪ್ರಮಾಣಪತ್ರದ ಅಗತ್ಯ ನನಗೆ ಇನ್ನಿಲ್ಲವೆಂದು ವಿನಯದಿಂದ ತಿಳಿಸುತ್ತಾ, ತಮ್ಮ ಮಂಡಳಿಗೂ ಅದರ ಎಲ್ಲ ಮೂಗುಗಳಿಗೂ ಆರೋಗ್ಯ ಕೋರುತ್ತಾ ಮುಗಿಸುತ್ತೇನೆ.

ಅಂಕದಲ್ಲಿ ಕಡಿಮೆ ಬಿದ್ದರೂ ಗೌರವದಲ್ಲಿ ಕಡಿಮೆ ಮಾಡದ
ತಮ್ಮ ವಿಶ್ವಾಸಿ,
ಶಿವಮೂರ್ತಪ್ಪ

ತಾ.ಕ.: ಏಳನೆಯ ನಂಬರಿನ ಬಾಟಲಿ ತಾವೇ ಮುಂದೆ ನಿಂತು ಮಾಡಿಸಿದ ಬಿಯರೆಂದೂ, ಬಸ್ಸಿನ ಟಾಪಿನ ಮೇಲೆ ಬಿಸಿಲು ತಾಗಿ ಕೆಟ್ಟಿರಬಹುದಾದ್ದರಿಂದ ಅಂಕಗಳನ್ನು ಮರುಪರಿಶೀಲಿಸಬೇಕೆಂದೂ ಕೋರಿ ಶಿವಯೋಗಿಗೆ ತಾವು ಬರೆದ ಎರಡು ಪುಟದ ಪತ್ರ ತಲುಪಿದೆ. ಉತ್ತರ ಬರೆಯುವ ಕೆಲಸವನ್ನು ಅವನು ನನಗೇ ವಹಿಸಿದ್ದಾನೆ. ಹೊಸದಾಗಿ ಬರೆಯುವ ಶ್ರಮವೇಕೆಂದು ಹದಿನಾಲ್ಕನೆಯ ನಿಯಮದ ಬಗ್ಗೆ ತಾವು ನನಗೆ ಬರೆದ ಪತ್ರದ ನಕಲನ್ನೇ ಇದರೊಂದಿಗೆ ಇಟ್ಟಿದ್ದೇನೆ. ನಾನು ಮನೆಗೆ ತಂದಿದ್ದ ಆ ಬಾಟಲಿಯಲ್ಲಿ ಉಳಿದದ್ದನ್ನು ಮಹಾಂತಮ್ಮನವರು ಹಿತ್ತಿಲಿನ ಕರಿಬೇವಿನ ಗಿಡಕ್ಕೆ ಸುರಿದರು. ಗಿಡ ಬಾಡಿದೆ. ಅದು ತಮ್ಮ ಪರೀಕ್ಷೆ ಪಾಸು ಮಾಡಿಲ್ಲವಾದ್ದರಿಂದ ಅದರ ಅಭಿಪ್ರಾಯವನ್ನು ತಾವು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ.