ಮಾವನವರ ಶ್ರುತಿಶುದ್ಧಿ

ಕೈಕಟ್ಟಿ ಕೂರಲು ಬಾರದ ಮಾವ ಮನೆಗೆ ಬಂದಿರುವಾಗ ಬೆರಳುದ್ದದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಬಿಡಬಾರದು. ಚಾಕು ಬಿಟ್ಟರೂ ಚಿಂತೆಯಿಲ್ಲ, ಕೊಡಲಿ ಬಿಟ್ಟರೂ ಚಿಂತೆಯಿಲ್ಲ. ಈ ಬುದ್ಧಿ ಅರೆಸ್ವರನಿಗೆ ಬಂದದ್ದು ಗುರುವಾರ ಬೆಳಿಗ್ಗೆ ಎಂಟಕ್ಕೆ, ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಅಂಗಡಿಗೆ ಇಳಿದಾಗ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಅರೆಸ್ವರ ಎಂಬುದು ಓಣಿಯವರು ಅವನಿಗೆ ಇಟ್ಟ ಹೆಸರು. ಅವನು ಎಲೆಕ್ಟ್ರಾನಿಕ್ ಕೀಬೋರ್ಡು ತಯಾರಿಸುತ್ತಿದ್ದ. ಅಂಥಿಂಥದ್ದಲ್ಲ. ಮಾಮೂಲಿ ಕೀಬೋರ್ಡಿನಲ್ಲಿ 'ಸ'ದಿಂದ ಮುಂದಿನ 'ಸ'ದೊಳಗೆ ಹನ್ನೆರಡು ಕೀಗಳಿದ್ದರೆ ಇವನದರಲ್ಲಿ ಮೂವತ್ತೊಂದು. ಅಂಥ ಎರಡು ಸ್ಥಾಯಿ, ಒಟ್ಟು ಅರವತ್ತೆರಡು ಕೀ. ಎರಡು ಸ್ವರಗಳ ಸಂದಿಯಲ್ಲಿ, ಹಾಡುವವರ ಗಂಟಲಿಗೆ ಸಿಕ್ಕಿ ಯಂತ್ರಕ್ಕೆ ಸಿಗದೆ ನುಣುಚಿಕೊಳ್ಳುವ ಪುಟ್ಟ ಪುಟ್ಟ ಸ್ವರಗಳಿವೆಯಲ್ಲ, ಅವಕ್ಕೂ ಒಂದೊಂದು ಕೀ. ಪ್ರತಿ ಕೀಯ ಹಿಂದೆ ಸಾಸಿವೆ ಗಾತ್ರದ ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಪಕ್ಕದ ಸ್ವರದ ಜೊತೆ ನುಡಿಸಿ, ಎರಡರ ನಡುವೆ ಏಳುವ 'ವಂವ್ ವಂವ್' ಎಂಬ ಅಲೆಯನ್ನು ಎಣಿಸಿ ಕೂರಿಸಬೇಕು. ಅಳೆಯೋ ಮೀಟರು ಇಟ್ಕೋಬಾರದೇ ಎಂದು ಯಾರಾದರೂ ಕೇಳಿದರೆ, "ಮಗೂನ ತೂಕ ನೋಡ್ಕೊಂಡು ಮುದ್ದಾಡ್ತಾರೇನ್ರೀ?" ಎನ್ನುತ್ತಿದ್ದ. ಲೆಕ್ಕವೆಲ್ಲ ಅವನ ಕಿವಿಯಲ್ಲಿತ್ತು, ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ.

ಇಷ್ಟೆಲ್ಲ ಜಂಬ ಪಟ್ಟು ಎರಡು ವರ್ಷದಲ್ಲಿ ಮಾರಿದ್ದು ಮೂರು. ಅದರಲ್ಲೊಂದು ವಾಪಸು ಬಂದಿತ್ತು.

ಅಂದು ಸಂಜೆ ನಾಲ್ಕಕ್ಕೆ ಸಂಗೀತ ಶಾಲೆಯ ಟೀಚರಮ್ಮ ಬರುವವರಿದ್ದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರ ಹೊಸ ತರಗತಿ ಶುರು. ಮೆಚ್ಚಿದರೆ ಹತ್ತು ವಾದ್ಯ ಆ ಹೊತ್ತಿಗೆ ಅಲ್ಲಿರಬೇಕು, ಇಲ್ಲದಿದ್ದರೆ ಮಾಮೂಲಿ ಕೀಬೋರ್ಡೇ ತರಿಸುತ್ತೇನೆ ಎಂದಿದ್ದರು. ಈ ಮಾರಾಟವೂ ತಪ್ಪಿದರೆ ಅಂಗಡಿಗೆ ಬೀಗ, ಸೋಮವಾರದಿಂದ ಅರೆಸ್ವರ ಭಾವಮೈದನ ಅಂಗಡಿಯಲ್ಲಿ ಬಚ್ಚಲುಮನೆ ಟೈಲ್ಸ್ ತೋರಿಸುತ್ತ ನಿಲ್ಲಬೇಕು. ಗಂಡಹೆಂಡಿರ ನಡುವೆ ಆಗಿದ್ದ ಒಪ್ಪಂದ ಅದು.

ಮಾವನವರು ನಲವತ್ತು ವರ್ಷ ಮನೆಮನೆಯ ಪಿಯಾನೊ ಶ್ರುತಿ ಮಾಡಿ ನಿವೃತ್ತರಾದವರು. ಮಗಳ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಬಿಡಿಭಾಗ ತರಲು ಪರಊರಿಗೆ ಹೋಗಿದ್ದ ಅಳಿಯ ಹಿಂದಿನ ಸಂಜೆಯಷ್ಟೇ ಮರಳಿದ್ದ.

"ಬನ್ನಿ ಅಳಿಯಂದಿರೇ," ಎಂದರು ಮಾವ, ಮುಖವೆಲ್ಲ ನಗು. "ನುಡಿಸಿ ನೋಡಿ. ಅಪಸ್ವರ ಎಲ್ಲಾ ತೆಗೆದುಹಾಕಿದೀನಿ."

ಅರೆಸ್ವರ ಒಂದು ಕೀ ಒತ್ತಿದ. ಪಕ್ಕದ್ದು ಒತ್ತಿದ. ಅದರ ಪಕ್ಕದ್ದೂ ಒತ್ತಿದ. ಮೂರೂ ಒಂದೇ ಸ್ವರ ಎಳೆದವು. ಅವನ ಕೈಯಿಂದ ಟವೆಲು ಜಾರಿತು.

"ಏನ್ ಮಾಡಿದ್ರಿ ಮಾವಾ!"

"ಮೂವತ್ತೊಂದೂ ಮೂವತ್ತೊಂದು ದಿಕ್ಕಿಗೆ ಕೂಗ್ತಾ ಇದ್ವಪ್ಪ, ಜಾತ್ರೇಲಿ ಕೈ ತಪ್ಪಿದ ಮಕ್ಕಳ ಹಾಗೆ. ಎಲ್ಲಾನೂ ಕರ್ಕೊಂಡು ಹೋಗಿ ಹನ್ನೆರಡರ ಮನೆಗೇ ಸೇರಿಸಿದೆ."

"ಅಯ್ಯೋ, ಅದು ಅಪಸ್ವರ ಅಲ್ಲ ಮಾವಾ, ಅದೇ ನನ್ನ ವ್ಯಾಪಾರ!"

ಅವನು ಕೂಗಾಡಿದ ಕೂಗಿಗೆ ಹೆಂಡತಿ ಬೆಸುಗೆಯ ಕಡ್ಡಿ ಹಿಡಿದೇ ಓಡಿಬಂದಳು. ತಂತಿ ಜೋಡಿಸುವುದು ಅವಳ ಪಾಲಿನ ಕೆಲಸ. ವಿಷಯ ತಿಳಿದು ಹಣೆ ಹಣೆ ಚಚ್ಚಿಕೊಂಡಳು. "ಬಡಗಿ ಹತ್ರ ಹತ್ತು ಇವೆಯಲ್ಲ, ಒಂದು ತಂದ್ರಾಯ್ತು."

ಚೌಕಟ್ಟು ಕೂರಿಸಲು ಹತ್ತು ವಾದ್ಯ ಹಿಂದಿನ ಬೀದಿಯ ಬಡಗಿಯ ಬಳಿ ಇದ್ದದ್ದು ನಿಜ. ಆದರೆ ಅವನು ಏಳಕ್ಕೇ ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡು ಹೊರಟಾಗಿತ್ತು. ಊರೆಲ್ಲ ಸುತ್ತಿ, ಯಾರ್ಯಾರದೋ ಬಾಗಿಲು ಕಿಟಕಿ ಕೊಟ್ಟು, ಐದಕ್ಕೆ ಇಲ್ಲಿಗೆ ಬರುವವನು. ವ್ಯಾನು ಓಡಿಸುವಾಗ ಅವನು ಫೋನು ಎತ್ತುವ ಪೈಕಿ ಅಲ್ಲ. ಹೆಂಡತಿ ಒಂಬತ್ತು ಸಲ ಮಾಡಿ ಸುಸ್ತಾದಳು.

"ಸರಿ. ಅರವತ್ತೆರಡು ಸ್ಕ್ರೂ, ಎಂಟು ಗಂಟೆ," ಎಂದ ಅರೆಸ್ವರ. "ಮಾವ, ನೀವು ದಯಮಾಡಿ ಹೊರಗೆ ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಏನನ್ನೂ ಮುಟ್ಟಬೇಡಿ."

ಮಾವ ತಲೆ ತಗ್ಗಿಸಿಕೊಂಡು ಹೋಗಿ ಕೂತರು.

ಮೊದಲ ಸ್ಕ್ರೂ ತಿರುಗಿಸಿ ಅಲೆ ಎಣಿಸತೊಡಗಿದ್ದೇ ಪಕ್ಕದ ತಗಡಿನವನು ಢಣ್ ಢಣ್ ಎಂದು ಟ್ರಂಕು ಬಡಿಯತೊಡಗಿದ. ಅರೆಸ್ವರ ಓಡಿದ. "ಅಣ್ಣಾ, ಕೈ ಮುಗೀತೀನಿ, ನಾಲ್ಕು ಗಂಟೆ ತನಕ ಸುತ್ತಿಗೆ ಕೆಳಗಿಡು. ನನ್ನ ಜೀವದ ಪ್ರಶ್ನೆ!"

ತಗಡಿನವನ ಮನಸ್ಸು ಬೆಣ್ಣೆ. "ಜೀವದ ಪ್ರಶ್ನೆ ಅಂದ್ಮೇಲೆ ಇಟ್ಟೆ ಕಣಯ್ಯ."

ಆಮೇಲೆ ಮಹಡಿಯ ದರ್ಜಿಯಮ್ಮನ ಮಿಷಿನ್ನು. ಆಮೇಲೆ ಎದುರಿನ ಕ್ಷೌರದಂಗಡಿಯ ರೇಡಿಯೊ. ಮಧ್ಯಾಹ್ನದ ಹೊತ್ತಿಗೆ ಓಣಿ ಉಸಿರು ಬಿಗಿಹಿಡಿದು ಕೂತಿತ್ತು. ಗದ್ದಲದ ಓಣಿಯಲ್ಲಿ ಗದ್ದಲವಾದರೆ ಯಾರೂ ಕೇಳುವುದಿಲ್ಲ. ಸದ್ದಡಗಿತೋ, ಊರೇ ಬಂದು ವಿಚಾರಿಸುತ್ತದೆ. ಕ್ಷೌರಿಕ ಗಿರಾಕಿಯ ಕೆನ್ನೆಗೆ ಸೋಪು ಹಚ್ಚಿ ಹಾಗೇ ಬಿಟ್ಟು, ಮೆಟ್ಟಿಲ ಮೇಲಿನ ಮಾವನವರ ಬಳಿ ಬಂದು ಕುಕ್ಕರುಗಾಲಲ್ಲಿ ಕೂತ.

"ಏನಾಯ್ತು ಯಜಮಾನ್ರೇ?"

"ಏನ್ ಹೇಳ್ಲಪ್ಪ," ಎಂದರು ಮಾವ ನಿಟ್ಟುಸಿರಿಟ್ಟು. "ಮೂವತ್ತೊಂದರಲ್ಲಿ ಉಳಿದಿದ್ದು ಹನ್ನೆರಡೇ. ಎಲ್ಲಾ ನನ್ನ ಕೈಯಿಂದಲೇ ಆಗಿದ್ದು."

ಕ್ಷೌರಿಕ ಇನ್ನೂ ಹತ್ತಿರ ಸರಿದ. "ಬಸ್ಸು ಓಡಿಸ್ತಾ ಇದ್ದಿದ್ದು ನೀವೇನಾ?"

ಮಾವ ತಮ್ಮದೇ ಯೋಚನೆಯಲ್ಲಿದ್ದರು. ಕೇಳಿಸಿಕೊಳ್ಳದೆಯೇ ಹೌದೆಂಬಂತೆ ತಲೆಯಾಡಿಸಿದರು.

ಬಸ್ಸು ಉರುಳಿದ ಸುದ್ದಿ ಓಣಿಗೆಲ್ಲ ಹಬ್ಬಿ, ಎರಡು ಗಂಟೆಗೆ ಅಂಗಡಿಯಲ್ಲಿ ಹದಿನೆಂಟು ಜನ. ಚಪ್ಪಲಿ ಹೊರಗೆ ಬಿಟ್ಟು, ಹೂ ಹಿಡಿದು, ಗೋಡೆಗೆ ಒರಗಿ ನಿಂತರು. ಕೆನ್ನೆಗೆ ಸೋಪು ಹಚ್ಚಿದ್ದ ಗಿರಾಕಿಯೂ ಹಾಗೇ ಬಂದಿದ್ದ. ಕಣ್ಣುಮುಚ್ಚಿ ವಾದ್ಯದ ಪೆಟ್ಟಿಗೆಗೆ ಕಿವಿಯಾನಿಸಿದ್ದ ಅರೆಸ್ವರ ಇದಾವುದನ್ನೂ ಕಂಡಿರಲಿಲ್ಲ. ನಲವತ್ತೇಳನೇ ಸ್ಕ್ರೂ ತಿರುಗಿಸುತ್ತಿದ್ದಾಗ ತಗಡಿನವನು ದುಃಖ ತಾಳಲಾರದೆ ಬಂದು ತಬ್ಬಿಕೊಂಡ.

"ಅತ್ತುಬಿಡು ಕಣಯ್ಯ, ಒಳಗಿಟ್ಕೋಬೇಡ!"

ಸ್ಕ್ರೂಡ್ರೈವರು ಜಾರಿ ಮೂರು ಸ್ವರ ಕೆಟ್ಟವು. "ಶ್! ಎಣಿಸ್ತಾ ಇದೀನಿ!" ಎಂದು ಅರೆಸ್ವರ ಚೀರಿದ.

"ಪಾಪ, ಹೋದವರನ್ನ ಎಣಿಸ್ತಾ ಇದಾನೆ," ಎಂದು ದರ್ಜಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಊಟಕ್ಕೆ ಕರೆಯಲು ಬಂದ ಹೆಂಡತಿಗೆ ಈ ಜಾತ್ರೆ ಕಂಡು ನೆತ್ತಿಗೇರಿತು. "ಯಾರೂ ಸತ್ತಿಲ್ಲ! ಇನ್ನು ಒಬ್ರು ಬಾಯಿ ಬಿಟ್ರೆ ನಾನೇ ಸಾಯಿಸ್ತೀನಿ!" ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಬಂದವರಿಗೆ ಸಮಾಧಾನವೂ ಆಯಿತು, ಒಂದಿಷ್ಟು ನಿರಾಸೆಯೂ ಆಯಿತು. ಆದರೂ ಯಾರೂ ಕದಲಲಿಲ್ಲ. ಬಂದದ್ದಂತೂ ಬಂದಾಗಿದೆ, ನೋಡಿಕೊಂಡೇ ಹೋಗೋಣ ಎಂದು ನೆಲದ ಮೇಲೆ ಸಾಲಾಗಿ ಕೂತುಬಿಟ್ಟರು. ತಗಡಿನವನಿಗೆ ಸೀನು ಬಂದಾಗ ಕ್ಷೌರಿಕ ಅವನ ಮೂಗು ಹಿಡಿದ. ಅರವತ್ತೆರಡನೇ ಸ್ಕ್ರೂ ಕೂತದ್ದೂ ಬಾಗಿಲಲ್ಲಿ ಟೀಚರಮ್ಮ ಕಾಣಿಸಿಕೊಂಡದ್ದೂ ಒಟ್ಟಿಗೇ.

"ಇಷ್ಟು ಜನ ಹೀಗೆ ತುಟಿ ಬಿಚ್ಚದೆ ಕೂತಿದ್ದನ್ನ ನನ್ನ ಯಾವ ಕ್ಲಾಸಲ್ಲೂ ನೋಡಿಲ್ಲ!" ಎಂದರು ಅವರು. ಕೂತು ಬೆರಳಾಡಿಸಿದರು.

ಅಲ್ಲಿಯ ತನಕ ಅರೆಸ್ವರನ ವಾದ್ಯವನ್ನು ಓಣಿಯವರು ಸರಿಯಾಗಿ ಕೇಳಿಯೇ ಇರಲಿಲ್ಲ, ಗೋಡೆಯಾಚೆಯಿಂದ ಬರುವ 'ವಂವ್ ವಂವ್' ಕೇಳಿ ನಕ್ಕಿದ್ದರು ಅಷ್ಟೆ. ಈಗ ಸ್ವರ ಮೆಟ್ಟಿಲು ಹಾರದೆ, ಮಗು ತೊಡೆಯಿಂದ ಜಾರುವಂತೆ ನಯವಾಗಿ ಇಳಿಯಿತು, ಮತ್ತೆ ಏರಿತು. ತಗಡಿನವನು ಬಾಯಿ ತೆರೆದು ಕೂತ. ಅರೆಸ್ವರನಿಗೆ ಎರಡು ವರ್ಷದ ಕಷ್ಟವೆಲ್ಲ ಮರೆತು ಕಣ್ಣು ತುಂಬಿತು. ಬಾಗಿಲಲ್ಲಿ ನಿಂತಿದ್ದ ಮಾವ, "ನಲವತ್ತು ವರ್ಷ ಇವನ್ನೆಲ್ಲ ತಪ್ಪು ಅಂತ ತಿದ್ದಿಬಿಟ್ನಲ್ಲಪ್ಪ," ಎಂದರು.

"ಹತ್ತೂ ನನಗೆ ಬೇಕು," ಎಂದರು ಟೀಚರಮ್ಮ. "ನಾಳೆ ಒಂಬತ್ತು ಗಂಟೆ, ಮರೀಬೇಡಿ. ಹತ್ತರ ಮೇಲೆ ಇದು ನನಗೆ, ಈಗ್ಲೇ ತಗೊಂಡ್ ಹೋಗ್ತೀನಿ, ನಾನೂ ಸ್ವಲ್ಪ ಕೈ ಪಳಗಿಸ್ಕೋಬೇಕು."

ಅವರ ಕಾರು ತಿರುವು ದಾಟಿದ್ದೇ ತಡ, ಬೆಳಿಗ್ಗೆಯಿಂದ ಅದುಮಿಟ್ಟಿದ್ದ ಸದ್ದೆಲ್ಲ ಒಮ್ಮೆಲೇ ಒಡೆಯಿತು. ತಗಡಿನವನು ಟ್ರಂಕು ಬಡಿದ, ರೇಡಿಯೊ ಕಿರುಚಿತು. ತಂದ ಹೂವೆಲ್ಲ ಅರೆಸ್ವರನ ತಲೆಯ ಮೇಲೆ ಸುರಿಯಿತು. ಹೆಂಡತಿ ಅಣ್ಣನಿಗೆ ಫೋನು ಮಾಡಿ, "ಇವರು ಬರಲ್ಲಣ್ಣ, ನೀನೇ ತೋರಿಸ್ಕೋ ನಿನ್ನ ಟೈಲ್ಸು!" ಎಂದು ನಕ್ಕಳು.

ಐದಕ್ಕೆ ಸರಿಯಾಗಿ ಬಡಗಿಯ ವ್ಯಾನು ಬಂತು. ಹತ್ತು ವಾದ್ಯ ಮಿರಿಮಿರಿ ಮಿಂಚುತ್ತ ಇಳಿದವು. "ಕೇಳ್ರಪ್ಪಾ, ಇನ್ನೊಂದ್ಸಲ ಕೇಳಿ!" ಎಂದು ಅರೆಸ್ವರ ಮೊದಲನೆಯದನ್ನು ಚಾಲೂ ಮಾಡಿ ಮೂರು ಕೀ ಒತ್ತಿದ. ಮೂರೂ ಒಂದೇ ದನಿ. ಎರಡನೆಯದು. ಅದೂ ಹಾಗೇ. ಮೂರನೆಯದೂ ಹಾಗೇ.

ಬಡಗಿ ಹೆಮ್ಮೆಯಿಂದ ಎದೆ ತಟ್ಟಿಕೊಂಡ. "ಹತ್ತೂ ಒಂದೇ ಥರ ಇದಾವೆ, ನೋಡಿ ಬೇಕಾದ್ರೆ. ನಿಮ್ಮ ಮಾವನವರು ಮೂರು ದಿನ ನನ್ನ ಅಂಗಡೀಲೇ ಕೂತು ಎಲ್ಲಾ ಸರಿ ಮಾಡಿಕೊಟ್ರು. ಒಂದು ಲೋಟ ನೀರು ಬಿಟ್ರೆ ಏನೂ ತಗೊಳ್ಳಲಿಲ್ಲ, ದೇವರಂಥ ಮನುಷ್ಯ!"

ತಗಡಿನವನು ಮತ್ತೆ ಸುತ್ತಿಗೆ ಕೆಳಗಿಟ್ಟ. ಅರೆಸ್ವರ ಮೆಲ್ಲನೆ ತಿರುಗಿದ. "ಮಾವಾ... ಬೆಳಿಗ್ಗೇನೇ ಯಾಕೆ ಹೇಳಲಿಲ್ಲ?"

ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. "ಒಂದಕ್ಕೇ ನೀವು ಅಷ್ಟು ಕೂಗಾಡಿದ್ರಿ ಅಳಿಯಂದಿರೇ. ಹನ್ನೊಂದು ಅಂದ್ರೆ ನಿಮ್ಮ ಎದೆ ತಡ್ಕೊಳ್ಳುತ್ತೋ ಇಲ್ವೋ ಅಂತ ಸುಮ್ಮನಿದ್ದೆ."