ಮೂರನೆಯ ಮಗ್ಗ ನಿಂತಾಗ

ಸೋಮಾರಿತನಕ್ಕೆ ಆಯಾಸ ಎಂಬ ಮರ್ಯಾದೆಯ ಹೆಸರಿಡುವುದರಲ್ಲಿ ನನ್ನನ್ನು ಮೀರಿಸುವವರು ಸೋಮನೂರಿನಲ್ಲಿ ಇಲ್ಲ. ಹಾಗೆಂದು ನನ್ನನ್ನು ಮೈಗಳ್ಳನೆಂದು ತಿಳಿಯಬೇಡಿ. ಎಂಟು ಪವರ್‌ಲೂಮ್ ಮಗ್ಗಗಳ ನಡುವೆ ಮೂವತ್ತು ವರ್ಷ ದಿನವಿಡೀ ಓಡಾಡಿಯೂ ಒಮ್ಮೆ 'ಉಸ್ಸಪ್ಪಾ' ಎಂದವನಲ್ಲ. ಆದರೆ ನನ್ನ ಸಕ್ಕರೆ ಕಾಯಿಲೆ ನೋಡುವ ಡಾಕ್ಟರು, "ನಿಂತು ನಿಂತು ನಡೆಯುವುದು ಲೆಕ್ಕಕ್ಕಿಲ್ಲ. ದಿನಾ ಅರ್ಧ ಗಂಟೆ ಎಡೆಬಿಡದೆ ನಡೆಯಿರಿ, ಇಲ್ಲದಿದ್ದರೆ ಮೂರು ತಿಂಗಳಿಗೆ ಇನ್ಸುಲಿನ್ ಸೂಜಿ" ಎಂದುಬಿಟ್ಟರು. ಸೂಜಿ ಎಂದರೆ ನನಗೆ ಪ್ರಾಣಭಯ. ಮರುದಿನ ಬೆಳಿಗ್ಗೆಯೇ ಹೆಂಡತಿ ರುಕ್ಮಿಣಿಯೊಡನೆ ಸ್ಕೂಲ್ ಮೈದಾನಕ್ಕೆ ಹೋದೆ. ಎರಡನೆಯ ಸುತ್ತಿಗೇ ಕಾಲು ಸೋತು, ಎದೆ ಹೊಡೆದುಕೊಂಡು, ಬೇವಿನ ಮರದ ಕಟ್ಟೆಯ ಮೇಲೆ ಕುಸಿದೆ.

"ಏನುಂಗ, ಶೆಡ್ಡಲ್ಲಿ ದಿನಾ ಪೂರಾ ನಡೀತೀರ, ಇಲ್ಲಿ ನಾಕು ಹೆಜ್ಜೆಗೇ ಮೂಚ್ಚು ವಾಂಗುತ್ತಾ?" ಎಂದಳು ರುಕ್ಮಿಣಿ, ನನ್ನ ಏದುಸಿರು ನೋಡಿ, ನಮ್ಮೂರಿನ ತಮಿಳು ಬೆರೆತ ಕನ್ನಡದಲ್ಲಿ.

ಡಾಕ್ಟರು ಎದೆ, ಕಾಲು ಎಲ್ಲ ನೋಡಿ, ದಣಿದಿರುವುದು ಮೈಯಲ್ಲ, ತಲೆ ಎಂದರು. ತಲೆಗೆ ಅಷ್ಟು ಕೆಲಸವನ್ನು ನಾನು ಕೊಟ್ಟಿದ್ದಾದರೂ ಯಾವಾಗ ಎಂದು ಯೋಚಿಸುತ್ತಾ ಮನೆಗೆ ಬಂದೆ. ಕಾರಣ ಹೊಳೆದದ್ದು ಶೆಡ್ಡಿನಲ್ಲಿ. ಮಗ್ಗಗಳ ಗದ್ದಲದಲ್ಲಿ ನನ್ನ ಉಸಿರು ನನಗೆ ಯಾವತ್ತೂ ಕೇಳಿಸಿಯೇ ಇರಲಿಲ್ಲ! ಮೈದಾನದ ಮೌನದಲ್ಲಿ ಅದನ್ನು ಮೊದಲ ಸಲ ಕೇಳಿ ಹೆದರಿಬಿಟ್ಟಿದ್ದೆ. ಅಂಥ ಸದ್ದು ಮಾಡುವ ಮಗ್ಗವನ್ನಾದರೆ ಎಂದೋ ಗುಜರಿಗೆ ಹಾಕುತ್ತಿದ್ದೆ.

ರುಕ್ಮಿಣಿ ಶೆಡ್ಡಿನ ಸದ್ದನ್ನು ಅರ್ಧ ಗಂಟೆ ಫೋನಿನಲ್ಲಿ ಹಿಡಿದುಕೊಟ್ಟಳು. ಮರುದಿನ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಒಬ್ಬನೇ ಹೊರಟೆ. ಎರಡು ಸುತ್ತು, ನಾಲ್ಕು ಸುತ್ತು, ಆಯಾಸದ ಸುಳಿವಿಲ್ಲ. ಇಪ್ಪತ್ತನೆಯ ನಿಮಿಷಕ್ಕೆ ಕಿವಿಯಲ್ಲಿ ಒಂದು ಸದ್ದು ಕಡಿಮೆಯಾಯಿತು. ನೂಲು ಕಡಿದು ಮೂರನೆಯ ಮಗ್ಗ ನಿಂತಿತ್ತು. ಆಮೇಲೆ ನಾನು ಏನೂ ಯೋಚಿಸಲಿಲ್ಲ. ಪಂಚೆ ಎತ್ತಿ ಕಟ್ಟಿ, ಗೇಟು ದಾಟಿ, ಮೂರು ಬೀದಿ ಓಡಿ ಬಂದು ನೋಡಿದರೆ ಶೆಡ್ಡಿಗೆ ಇನ್ನೂ ಬೀಗ! ಒಳಗೆ ಯಾವ ಮಗ್ಗವೂ ಓಡುತ್ತಿರಲಿಲ್ಲ.

ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತಿದ್ದ ರುಕ್ಮಿಣಿ, "ಅಯ್ಯಯ್ಯೋ, ಓಡಿಯೇ ಬಂದ್ರಾ? ಮೂಚ್ಚು ವಾಂಗಲಿಲ್ವಾ?" ಎಂದಳು.

ಕೇಳಿದ್ದೇ ತಡ, ನನಗೆ ಮಂಡಿಗಳು ನೆನಪಾದವು, ಎದೆ ನೆನಪಾಯಿತು, ವಯಸ್ಸೂ ನೆನಪಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಈಗ ದಿನವೂ ಅದೇ ನಿಮಿಷಕ್ಕೆ ಅದೇ ಮಗ್ಗ ನಿಲ್ಲುತ್ತದೆ, ನಾನು ಓಡುತ್ತೇನೆ. ಓಡಿ ಬಂದಾಗ ಏನೂ ಕೇಳಕೂಡದೆಂದು ರುಕ್ಮಿಣಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಮೂರು ತಿಂಗಳಿಗೆ ಸಕ್ಕರೆ ಇಳಿದು ಸೂಜಿಯೂ ತಪ್ಪಿತು. ಕಿವಿಯಲ್ಲಿ ಓಡುವುದು ನಿಜವಾದ ಮಗ್ಗವಲ್ಲ ಎಂದು ನನಗೆ ಚೆನ್ನಾಗಿಯೇ ಗೊತ್ತು. ಕಾಲುಗಳಿಗೆ ಮಾತ್ರ ಇನ್ನೂ ಹೇಳಿಲ್ಲ.